ಕಾಲಿಟ್ಟದ್ದು ಎಂಬ ಚೀಟಿ

ನಾನು ಹುಟ್ಟಾ ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಮುಂದಿನದೆಲ್ಲ ಇದರಿಂದಲೇ ಆದದ್ದು. ಬಾಯಿ ಮಾತ್ರ ಜೋರು. ಬೆಟಗೇರಿಯ ನಮ್ಮ ನೇಕಾರರ ಓಣಿಯಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ, ನಾನು ಹೆದರದೇ ಇರುವ ವಸ್ತುಗಳೂ ಕಡಿಮೆ. ಗುಡುಗು, ನಾಯಿ, ಲಿಫ್ಟು, ಆಸ್ಪತ್ರೆಯ ವಾಸನೆ, ಎಲ್ಲಕ್ಕಿಂತ ಹೆಚ್ಚಾಗಿ ಯಾರೂ ಇಲ್ಲದ ಬಯಲು. ಅಪ್ಪ ಮಗ್ಗದ ಕುಣಿಯಲ್ಲಿ ಕುಳಿತೇ ನಗುತ್ತಿದ್ದರು. "ನಮ್ಮ ಹುಡುಗಿಗೆ ಬಾಯಾಗ ಹುಲಿ, ಹೊಟ್ಟ್ಯಾಗ ಇಲಿ" ಎನ್ನುತ್ತಿದ್ದರು.

ನಕ್ಷೆಯ ಹುಚ್ಚು ಹಿಡಿದದ್ದು ಜಿಲ್ಲೆ ಬೇರೆಯಾದ ವರ್ಷ. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಧಾರವಾಡ ಜಿಲ್ಲೆಯನ್ನು ಬರೆದು ಬರೆದು ಕೈಗೆ ರೂಢಿಯಾಗಿತ್ತು. ಒಂದು ದಿನ ಮಾಸ್ತರರು ಬಂದು, ಇನ್ನು ಮೇಲೆ ಅಷ್ಟು ಬರೆಯಬೇಡಿ, ಗದಗ ಜಿಲ್ಲೆ ಅಂತ ಇಷ್ಟೇ ಬರೆಯಿರಿ ಎಂದರು. ಇಷ್ಟೇ ಅಂದರೆ ಎಷ್ಟು ಎನ್ನುವುದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ, ಹೊಸ ನಕ್ಷೆ ಇನ್ನೂ ಶಾಲೆಗೆ ಬಂದಿರಲಿಲ್ಲ. ಹಳೆಯದರ ಮೇಲೆ ನಾನೇ ಪೆನ್ಸಿಲಿನಿಂದ ಗೆರೆ ಎಳೆದು, ಶಿರಹಟ್ಟಿ ನಮ್ಮ ಕಡೆ, ಮುಂಡರಗಿ ನಮ್ಮ ಕಡೆ ಎಂದು ಹಂಚಿಬಿಟ್ಟೆ. ತಪ್ಪೋ ಸರಿಯೋ, ಗೆರೆ ಎಳೆದವರ ಮಾತೇ ನಡೆಯುತ್ತದೆ ಎನ್ನುವ ಸುಖ ಅಂದೇ ಗೊತ್ತಾಯಿತು.

ಮುಂದೆ ಗದಗಿನಲ್ಲಿ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ ಇಟ್ಟೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿ ಒಂದು ನಕ್ಷೆ ಸಿಕ್ಕಿತು. ಅದು ಯಾವ ಕಂಪನಿಯದೂ ಅಲ್ಲ, ಸರಕಾರದ್ದೂ ಅಲ್ಲ. ಯಾರು ಬೇಕಾದರೂ ತಮ್ಮೂರಿನ ದಾರಿ, ಬಾವಿ, ಗುಡಿ, ಶಾಲೆಗಳನ್ನು ಅದರಲ್ಲಿ ಬರೆಯಬಹುದು, ಇನ್ನೊಬ್ಬರು ಬರೆದದ್ದನ್ನು ತಿದ್ದಬಹುದು. ಹಾಗೆ ಬರೆದದ್ದನ್ನೇ ತೆಗೆದುಕೊಂಡು ಎಷ್ಟೋ ಫೋನುಗಳು ಜನರಿಗೆ ದಾರಿ ತೋರಿಸುತ್ತವೆ. ನಮ್ಮ ಜಿಲ್ಲೆಯ ಭಾಗ ಬಹುತೇಕ ಖಾಲಿ ಇತ್ತು. ಖಾಲಿ ಕಂಡಲ್ಲಿ ಗೆರೆ ಎಳೆಯಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎರಡು ವರ್ಷದಲ್ಲಿ ನಾವು ನಾಲ್ಕು ಜನ ಆದೆವು. ಶಿರಹಟ್ಟಿಯ ಒಬ್ಬ ನಿವೃತ್ತ ಪೋಸ್ಟ್‌ಮನ್, ಅವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದೆವು. ಮುಂಡರಗಿಯ ಕಾಲೇಜಿನಲ್ಲಿ ಭೂಗೋಳ ಕಲಿಸುವ ಮೇಡಂ ಒಬ್ಬರು. ಮತ್ತು ಲಕ್ಷ್ಮೇಶ್ವರದ ಭಾಯಿ. ಭಾಯಿಗೆ ಹಗ್ಗ, ಬಾರುಕೋಲು, ಗೋಣಿಚೀಲ ಮಾರುವ ಅಂಗಡಿ. ಅಪ್ಪನ ಕಾಲದಿಂದ ಸಂತೆ ಸಂತೆ ತಿರುಗಿದ ಮನೆತನ, ಹಾಗಾಗಿ ಯಾವ ದಾರಿಯಲ್ಲಿ ಯಾವ ತಿಂಗಳು ಗಾಡಿ ಹೋಗುತ್ತದೆ ಎನ್ನುವುದು ಅವರಿಗೆ ಗೊತ್ತು. ಮಾತು ಕಡಿಮೆ, ಅದೇ ನನಗೆ ಅವರಲ್ಲಿ ಒಂದಿಷ್ಟು ಅಂಜಿಕೆ. ತಿಂಗಳಿಗೊಂದು ಭಾನುವಾರ ಬೆಟಗೇರಿಯಲ್ಲಿ ಅಪ್ಪನ ಮಗ್ಗದ ಕೋಣೆಯಲ್ಲಿ ಸೇರುತ್ತಿದ್ದೆವು. ಗಿರ್ಮಿಟ್ಟು, ಮಿರ್ಚಿ, ಚಹಾ, ಆಮೇಲೆ ಜಗಳ.

ಜಗಳವೆಲ್ಲ ಚೀಟಿಯದು. ನಕ್ಷೆಯಲ್ಲಿ ಬರೀ ಗೆರೆ ಎಳೆದರೆ ಸಾಲದು, ಪ್ರತಿ ಗೆರೆಗೂ ಅದು ಏನು ಎಂಬ ಗುರುತು ಹಚ್ಚಬೇಕು. ಅದಕ್ಕೆ ಟ್ಯಾಗ್ ಎಂದು ಹೆಸರು, ನಾವು ಚೀಟಿ ಎನ್ನುತ್ತಿದ್ದೆವು. ಹೆದ್ದಾರಿಗೆ ಒಂದು ಚೀಟಿ, ಊರಿಂದ ಊರಿಗೆ ಹೋಗುವ ದಾರಿಗೆ ಒಂದು, ಹೊಲದ ದಾರಿಗೆ ಒಂದು. ಫೋನು ಚೀಟಿ ನೋಡಿಯೇ ಕಾರನ್ನು ಎಲ್ಲಿ ಕಳಿಸಬೇಕೆಂದು ಗೊತ್ತುಮಾಡುತ್ತದೆ. ಯಾವುದಕ್ಕೆ ಯಾವ ಚೀಟಿ ಎನ್ನಲು ಜಗತ್ತಿಗೆಲ್ಲ ಸೇರಿ ಒಂದು ನಿಯಮಾವಳಿ ಇದೆ. ಆದರೆ ಅದನ್ನು ಬರೆದವರ ದೇಶದಲ್ಲಿ ದಾರಿ ಹನ್ನೆರಡು ತಿಂಗಳೂ ದಾರಿಯಾಗಿಯೇ ಇರುತ್ತದೆ. ನಮ್ಮಲ್ಲಿ ಹಾಗಲ್ಲ.

"ಎರಿ ದಾರಿ ಬ್ಯಾಸಿಗ್ಯಾಗ ಡಾಂಬರಕ್ಕಿಂತ ಛಲೋ" ಎಂದು ಭಾಯಿ ಒಮ್ಮೆ ನಮ್ಮ ಕರಿ ಎರೆ ಮಣ್ಣಿನ ದಾರಿಗಳ ಬಗ್ಗೆ ಹೇಳಿದ್ದರು. "ಒಂದ ಮಳಿ ಬಿತ್ತಂದ್ರ ಎತ್ತಿನ ಕಾಲ ಸುದ್ದಾ ಕಿತ್ತು ಬರಂಗಿಲ್ಲ. ಅದಕ್ಕ ಯಾವ ಚೀಟಿ ಹಚ್ಚೂಣು?"

ಎರಡು ತಿಂಗಳು ಮಾತ್ರ ನೀರಿರುವುದು ಕೆರೆಯೋ ಅಲ್ಲವೋ, ಎರಡೂ ಧರ್ಮದವರು ಕೈಮುಗಿಯುವ ಗದ್ದುಗೆಗೆ ಯಾವ ಚೀಟಿ, ಹೀಗೆ ಭಾನುವಾರಗಳು ಕಳೆದವು. ಒಂದು ಸಲ ಕಾಕಾ ತಾವು ನೌಕರಿಯಲ್ಲಿದ್ದಾಗಿನ ನೆನಪಿನಿಂದ ಒಂದು ಸೇತುವೆ ಬರೆದರು. ಅದು ಕೊಚ್ಚಿಹೋಗಿ ಹತ್ತು ಮಳೆಗಾಲ ಆಗಿದ್ದವು. ಅವತ್ತು ನಾನು ಆ ಹಿರಿಯರ ಮೇಲೆ ಹಾರಾಡಿದ್ದು ನೆನೆದರೆ ಈಗಲೂ ತಲೆ ತಗ್ಗಿಸಬೇಕು. ಅವತ್ತೇ ನಾನೊಂದು ಕಟ್ಟಳೆ ಹಾಕಿದೆ. ಇನ್ನು ಮುಂದೆ ಪ್ರತಿ ದಾರಿಗೂ ಮೂರರಲ್ಲಿ ಒಂದು ಮಾತು ಸೇರಿಸಿ ಬರೆಯಬೇಕು: ಕಾಲಿಟ್ಟದ್ದು, ಕೇಳಿದ್ದು, ಮೇಲಿನಿಂದ ಕಂಡದ್ದು. ಮೇಲಿನಿಂದ ಎಂದರೆ ಉಪಗ್ರಹದ ಚಿತ್ರದಲ್ಲಿ. ಕಾಲಿಟ್ಟದ್ದು ಎಂಬ ಚೀಟಿ ಇಲ್ಲದೆ ಯಾವ ಹೊಲದ ದಾರಿಯನ್ನೂ ಊರ ದಾರಿಯಾಗಿ ಮೇಲೇರಿಸಬಾರದು. ಮೇಡಂ ಚಪ್ಪಾಳೆ ತಟ್ಟಿದರು. ಭಾಯಿ, "ಆತು, ಇದು ನಂಬೂವಂಥಾ ಮಾತು" ಎಂದರು. ಅವರ ಬಾಯಿಂದ ಅಷ್ಟು ಬಂದದ್ದೇ ನನಗೆ ಹಬ್ಬ.

ಆ ಏಪ್ರಿಲ್‌ನಲ್ಲಿ ಹರ್ತಿಯ ಕಡೆಯಿಂದ ಅಂತೂರ ಬೆಂತೂರದ ಕಡೆಗೆ ಹೊಲಗಳ ನಡುವೆ ಹೋಗುವ ಒಂದು ದಾರಿಯನ್ನು ನೋಡಲು ಸ್ಕೂಟಿಯಲ್ಲಿ ಹೊರಟೆ. ಎರೆ ಮಣ್ಣು ಒಣಗಿ ಕಲ್ಲಾಗಿತ್ತು. ಗಾಡಿ ನೀರಿನ ಮೇಲೆ ಹೋದಂತೆ ಹೋಗುತ್ತಿತ್ತು. ಬೆಳೆ ತೆಗೆದಿದ್ದರು, ಎತ್ತ ನೋಡಿದರೂ ಕರಿ ನೆಲ. ಮನುಷ್ಯರಿಲ್ಲ, ದನವಿಲ್ಲ, ಒಂದು ಗಿಡವಿಲ್ಲ. ದೂರದಲ್ಲಿ ಜಾಲಿ ಕಂಟಿಯ ಸಾಲು ಕಂಡಿತು, ಅಲ್ಲಿ ಹಳ್ಳ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಎಂಜಿನ್ ಶಬ್ದ ಬಿಟ್ಟು ಬೇರೆ ಏನೂ ಕೇಳುತ್ತಿಲ್ಲ ಎನ್ನುವುದು ಲಕ್ಷ್ಯಕ್ಕೆ ಬಂತು. ಗಾಡಿ ನಿಲ್ಲಿಸಿದೆ. ಅದೂ ಇಲ್ಲವಾಯಿತು. ಇದ್ದಕ್ಕಿದ್ದಂತೆ ಹೆದರಿಕೆ ಹಿಡಿಯಿತು. ಯಾರೋ ಬಂದರು, ಏನೋ ಕಂಡಿತು ಎಂದು ಹೇಳುವಂತಿದ್ದರೆ ಚೆನ್ನಾಗಿತ್ತು. ಏನೂ ಇರಲಿಲ್ಲ. ಸ್ಕೂಟಿ ತಿರುಗಿಸಿ, ಹಿಂದೆ ನೋಡದೆ ಹರ್ತಿಯವರೆಗೆ ಬಂದು, ಒಂದು ಅಂಗಡಿಯಲ್ಲಿ ಸೋಡಾ ಕುಡಿದೆ.

ಮನೆಗೆ ಬಂದು ಉಪಗ್ರಹದ ಚಿತ್ರ ತೆರೆದೆ. ನಾನು ಹೋಗದೆ ಬಿಟ್ಟ ಭಾಗ ಸ್ಪಷ್ಟವಾಗಿಯೇ ಇತ್ತು. ಹಳ್ಳ ದಾಟುವಲ್ಲಿ ಬೆಳ್ಳಗೆ ಒಂದು ಪಟ್ಟಿ ಕಾಣುತ್ತಿತ್ತು. ಗಾಡಿ ದಾಟಲೆಂದು ಫರಸಿ ಕಲ್ಲು ಹಾಸಿರಬೇಕು ಎಂದುಕೊಂಡೆ. ನಾಳೆ ಇನ್ನೊಮ್ಮೆ ಹೋಗಿ ನೋಡಬಹುದಿತ್ತು. ಆದರೆ ನಾಳೆಯೂ ಅದೇ ಬಯಲು. ನನ್ನದೇ ಕಟ್ಟಳೆಯ ಪ್ರಕಾರ ಅರ್ಧ ಕಾಲಿಟ್ಟದ್ದು, ಅರ್ಧ ಮೇಲಿನಿಂದ ಕಂಡದ್ದು ಎಂದು ಬರೆಯಬೇಕು. ಬರೆದರೆ ಭಾನುವಾರ ಕಾಕಾ ಯಾಕೆ ಎಂದು ಕೇಳುತ್ತಾರೆ, ಹೆದರಿ ಓಡಿ ಬಂದೆ ಎಂದು ಹೇಳಬೇಕು. ಕಾಲಿಟ್ಟದ್ದು ಎಂದು ಬರೆದೆ, ಊರ ದಾರಿ ಎಂಬ ಚೀಟಿ ಹಚ್ಚಿದೆ. ವಾರದ ನಂತರ ಭಾಯಿ ನಕ್ಷೆಯಲ್ಲಿ ನನಗೊಂದು ಪ್ರಶ್ನೆ ಬರೆದಿದ್ದರು: ಹಳ್ಳದಲ್ಲಿ ಫರಸಿ ಇದೆಯೇ, ನನಗೆ ನೆನಪಿಲ್ಲ. ನಾನು ಉತ್ತರ ಬರೆದೆ: ಸ್ವತಃ ದಾಟಿದ್ದೇನೆ. ಅವರು ಮತ್ತೆ ಕೇಳಲಿಲ್ಲ.

ಜೂನ್ ತಿಂಗಳ ಮೊದಲ ವಾರ, ಒಂದು ಶನಿವಾರ. ಬೆಳಗಿನ ಜಾವದಿಂದ ಗುಡುಗು ಮಳೆ ಹೊಡೆದು ಆಗಷ್ಟೇ ನಿಂತಿತ್ತು. ಹನ್ನೊಂದು ಗಂಟೆಗೆ ಅಂಗಡಿಯಲ್ಲಿದ್ದಾಗ ಭಾಯಿಯ ಫೋನ್ ಬಂತು. ಅವರ ತಾಯಿಗೆ ಮೂತ್ರಪಿಂಡ ಕೈಕೊಟ್ಟು ಒಂದು ವರ್ಷವಾಗಿತ್ತು, ವಾರಕ್ಕೆ ಎರಡು ಸಲ ಗದಗಿಗೆ ಡಯಾಲಿಸಿಸ್‌ಗೆ ಬರಬೇಕಿತ್ತು. ಇದು ನಮಗೆಲ್ಲ ಗೊತ್ತಿತ್ತು.

"ಬುಧವಾರದ್ದು ತಪ್ಪೇತ್ರಿ, ಗಾಡಿ ಸಿಗಲಿಲ್ಲ" ಎಂದರು ಭಾಯಿ. "ಅಮ್ಮಿ ಕಾಲು ಮಾರಿ ಬಾತಾವು, ಉಸರಾಡಾಕ ತ್ರಾಸ ಆಗೇತಿ. ಹುಬ್ಬಳ್ಳಿದೊಂದು ಬಾಡಗಿ ಗಾಡಿ ಮಾಡಿ ನಮ್ಮನಿಯಾಕಿನ ಜೋಡಿ ಗದಗಿಗೆ ಕಳಿಸೀನಿ. ಹರ್ತಿ ದಾಟಿ ಸೇತುವಿ ಕೆಲಸ ನಡದೈತಲ್ರಿ, ಬಾಜೂಕ ಹಾಕಿದ್ದ ಕಚ್ಚಾ ದಾರಿ ಹರಕೊಂಡ ಹೋಗೇತಂತ. ಡ್ರೈವರ್ ಫೋನ್ ಮಾಡಿದ್ದ, ಮ್ಯಾಪ್‌ನ್ಯಾಗ ಅಂತೂರ ಬೆಂತೂರ ಮ್ಯಾಲೆ ದಾರಿ ತೋರ್ಸಾಕತ್ತೈತಿ, ಹೋಗ್ಲಾ ಅಂತ ಕೇಳ್ದ. ಎರಿ ದಾರಿ, ನಾ ಬ್ಯಾಡ ಅನ್ನಾವ ಇದ್ದೆ. ಆಮ್ಯಾಲೆ ಚೀಟಿ ನೋಡಿದೆ. ನೀವು ಕಾಲಿಟ್ಟೀರಿ. ಹೋಗಪಾ ಅಂದೆ."

ನಾನು ಝೆರಾಕ್ಸ್ ಮಷಿನ್ನಿನ ಮುಚ್ಚಳ ತೆರೆದು ಮತ್ತೆ ಮುಚ್ಚಿದೆ.

"ಹಳ್ಳದಾಗ ಫರಸಿ ಗಟ್ಟಿ ಐತಲ್ರಿ, ಅಕ್ಕಾರ?"

ಆ ಒಂದು ಉಸಿರಿನ ಹೊತ್ತಿನಲ್ಲಿ ನಿಜ ಹೇಳಬಹುದಿತ್ತು. ಹೇಳಿದ್ದರೆ ಅವರು ಡ್ರೈವರನಿಗೆ ಫೋನ್ ಮಾಡಿ ತಡೆಯುತ್ತಿದ್ದರು, ಕಾರು ಆಗಿನ್ನೂ ಹರ್ತಿಯಲ್ಲೇ ಇದ್ದಿತು. ನನ್ನ ಬಾಯಿ, ಓಣಿಗೆಲ್ಲ ಕೇಳುವ ಬಾಯಿ, "ಹ್ಞೂಂ, ಐತ್ರಿ" ಎಂದಿತು. ಅವರು ಫೋನ್ ಇಟ್ಟರು.

ಆಮೇಲೆ ಶುರುವಾಯಿತು. ಎದುರಿಗೆ ಯಾರೋ ಆಧಾರ್ ಕಾರ್ಡು ಹಿಡಿದು ನಿಂತಿದ್ದರು, ಅವರ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಭಾಯಿಗೆ ಫೋನ್ ಹಚ್ಚಿದೆ, ಹತ್ತಲಿಲ್ಲ. ಮತ್ತೆ ಹಚ್ಚಿದೆ, ವ್ಯಾಪ್ತಿಯ ಹೊರಗೆ ಎಂದಿತು. ಡ್ರೈವರನ ನಂಬರು ನನ್ನಲ್ಲಿಲ್ಲ. ಬಿಸಿಲಿನಲ್ಲಿ ಬೆಳ್ಳಗೆ ಕಂಡದ್ದು ಫರಸಿಯಾಗಿರದೆ ಉಸುಕಾಗಿದ್ದರೆ? ಅಂಗಡಿ ತೆರೆದಿದ್ದಂತೆಯೇ ಪಕ್ಕದವರಿಗೆ ಹೇಳಿ ಸ್ಕೂಟಿ ಹತ್ತಿದೆ. ಹುಲಕೋಟಿ ದಾಟಿ ಅಂತೂರ ಬೆಂತೂರ ಮುಟ್ಟುವವರೆಗೆ ಡಾಂಬರು ಇತ್ತು. ಅಲ್ಲಿಂದ ನನ್ನ ಊರ ದಾರಿ ಶುರು.

ನೂರು ಹೆಜ್ಜೆ ಹೋಗುವಷ್ಟರಲ್ಲಿ ಗಾಲಿಗೆ ಎರೆ ಮೆತ್ತಿಕೊಂಡು ಸ್ಕೂಟಿ ನಿಂತಿತು. ಅದನ್ನು ಬದುವಿಗೆ ಒರಗಿಸಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದೆ. ಒಂದೊಂದು ಹೆಜ್ಜೆಗೂ ಕಾಲಿಗೆ ಮಣಭಾರ ಮಣ್ಣು. ಅದೇ ಬಯಲು, ಈ ಸಲ ಮೇಲೆ ಕರಿ ಮೋಡ. ಗುಡುಗಿತು. ಕೂತುಬಿಡಬೇಕು ಅನ್ನಿಸಿತು, ಓಡಬೇಕು ಅನ್ನಿಸಿತು. ಓಡುವುದಾದರೆ ಹಿಂದಕ್ಕೆ ಎಂದು ಮೈಯೆಲ್ಲ ಎಳೆಯುತ್ತಿತ್ತು. ಅಪ್ಪ ಹೇಳಿಕೊಟ್ಟ ದೇವರ ಹೆಸರುಗಳನ್ನೆಲ್ಲ ಹೇಳಿ ಮುಗಿಸಿದೆ, ಆಮೇಲೆ ಗೊತ್ತಿದ್ದಷ್ಟು ಭಾಯಿಯ ದೇವರಿಗೂ ಹೇಳಿಕೊಂಡೆ. ಬೇಗ ಹೋಗಲೂ ಹೆದರಿಕೆ, ಹೋದರೆ ಏನು ಕಾಣುತ್ತದೋ ಎಂದು.

ಹಳ್ಳದ ದಂಡೆಗೆ ಬಂದು ನೋಡಿದೆ. ಫರಸಿ ಇರಲಿಲ್ಲ. ರಾಡಿ ನೀರು ಮೊಣಕಾಲು ಮಟ್ಟ ಹರಿಯುತ್ತಿತ್ತು. ಬಿಳಿ ಕಾರು ನಟ್ಟನಡುವೆ ಮುಂದಿನ ಗಾಲಿ ಉಸುಕಿನಲ್ಲಿ ಹುಗಿದುಕೊಂಡು ನಿಂತಿತ್ತು, ನೀರು ಬಾಗಿಲಿಗೆ ಬಡಿಯುತ್ತಿತ್ತು. ಡ್ರೈವರ್ ಆಚೆ ದಂಡೆಯಲ್ಲಿ ನಿಂತು ಹೊಲಗಳ ಕಡೆ ಕೈಬೀಸಿ ಕೂಗುತ್ತಿದ್ದ. ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು. ಒಬ್ಬಾಕೆ ಇನ್ನೊಬ್ಬಾಕೆಯ ತಲೆಯನ್ನು ಎದೆಗೆ ಆನಿಸಿಕೊಂಡಿದ್ದಳು. ಆ ತಲೆ ಅಲುಗಾಡುತ್ತಿರಲಿಲ್ಲ.

ನನಗೆ ಈಜು ಬಾರದು. ನೀರು ಎಂದರೂ ಹೆದರಿಕೆ, ಮೊದಲಿನ ಪಟ್ಟಿಯಲ್ಲಿ ಬರೆಯಲು ಮರೆತೆ. ಇಳಿದೆ. ಧೈರ್ಯದಿಂದ ಇಳಿದೆ ಎಂದು ಯಾರೂ ತಿಳಿಯಬಾರದು. ದಂಡೆಯ ಮೇಲೆ ನಿಂತು ಆ ತಲೆಯನ್ನು ನೋಡುವುದು ನೀರಿಗಿಂತ ಹೆಚ್ಚು ಹೆದರಿಕೆಯದಾಗಿತ್ತು. ಕಾರಿನ ಬಾಗಿಲು ಹಿಡಿದುಕೊಂಡಾಗ ಮುದುಕಿ ಕಣ್ಣು ತೆರೆದರು. ಮುಖ ಬಾತು ಹಿಟ್ಟಿನಂತಾಗಿತ್ತು, ಉಸಿರು ಸಿಳ್ಳೆ ಹಾಕುತ್ತಿತ್ತು. ಸೊಸೆ, "ನೀವು ಯಾರ್ರಿ? ಅವರು ಕಳಿಸಿದ್ರೇನು?" ಎಂದಳು. ನಾನು ಹೌದೆಂದು ಗೋಣು ಹಾಕಿದೆ. ಅದೂ ಸುಳ್ಳೇ.

ಡ್ರೈವರನ ಕೂಗಿಗೆ ದೂರದ ಹೊಲದಿಂದ ಒಬ್ಬ ರೈತ ಚಕ್ಕಡಿ ಹೂಡಿಕೊಂಡು ಬಂದ. ಹಳ್ಳದ ದಂಡೆಯಲ್ಲಿ ನಿಂತು ಮೊದಲು ಕೇಳಿದ್ದು ಒಂದೇ ಮಾತು.

"ಈ ದಾರಿಗೆ ಕಾರ್ ತರಾಕ ಯಾರ್ ಹೇಳಿದ್ರಪಾ ನಿಮಗ?"

"ಮ್ಯಾಪ್ ಹೇಳ್ತು" ಎಂದ ಡ್ರೈವರ್.

"ಅದಕ್ಕ ಬುದ್ಧಿ ಇಲ್ಲ, ನಿಮಗರೆ ಬ್ಯಾಡೇನು?" ಎಂದು ಬೈಯುತ್ತಲೇ ಎತ್ತುಗಳನ್ನು ನೀರಿಗಿಳಿಸಿದ.

ಮುದುಕಿಯನ್ನು ನಾಲ್ವರೂ ಸೇರಿ ಎತ್ತಿ ಚಕ್ಕಡಿಯಲ್ಲಿ ಕೂಡಿಸಿದೆವು. ನಾನು ಹಿಂದೆ ಕುಳಿತು ಅವರಿಗೆ ಆಸರೆಯಾದೆ. ಎತ್ತುಗಳು ಒಂದೊಂದೇ ಕಾಲು ಕಿತ್ತು ಕಿತ್ತು ಇಡುತ್ತಿದ್ದವು. ದಾರಿ ಮುಗಿಯುತ್ತಿರಲಿಲ್ಲ. ಅವರ ಉಸಿರು ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಿವಿಗೊಟ್ಟೇ ಕುಳಿತಿದ್ದೆ. ನಿಂತರೆ ಏನು ಮಾಡುತ್ತೇನೆ, ಭಾಯಿಯ ಮುಖ ಹೇಗೆ ನೋಡುತ್ತೇನೆ, ಪೊಲೀಸರು ಬರುತ್ತಾರೋ ಎಂದೆಲ್ಲ ಯೋಚನೆ. ಒಬ್ಬರ ಜೀವ ಹೋಗುತ್ತಿರುವಾಗ ನನ್ನ ಬಗ್ಗೆಯೇ ಯೋಚಿಸುತ್ತಿದ್ದೇನಲ್ಲ ಎಂದು ಅದಕ್ಕೊಂದು ಹೇಸಿಕೆ. ಹಲ್ಲು ಕಟಕಟ ಎನ್ನುತ್ತಿದ್ದವು. ಬಾತುಹೋದ ಒಂದು ಕೈ ಬಂದು ನನ್ನ ಮುಂಗೈ ಹಿಡಿಯಿತು.

"ಯಾಕ ಇಷ್ಟ ನಡಗಾಕತ್ತೀ, ಬೇಟಾ" ಎಂದರು ಮುದುಕಿ, ಒಂದೊಂದು ಶಬ್ದಕ್ಕೂ ಉಸಿರು ಎಳೆದುಕೊಂಡು. "ಹೆದರಬ್ಯಾಡ. ನಂಗೇನೂ ಆಗಂಗಿಲ್ಲ."

ಅಂತೂರ ಬೆಂತೂರದಲ್ಲಿ ಒಂದು ಜೀಪು ಸಿಕ್ಕಿತು. ಗದಗಿನ ಆಸ್ಪತ್ರೆ ಮುಟ್ಟಿದಾಗ ಎರಡು ಹೊಡೆದಿತ್ತು. ಒಳಗೆ ಕರೆದುಕೊಂಡು ಹೋದರು, ಬಾಗಿಲು ಹಾಕಿದರು. ಸೊಸೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದಳು. ನಾನು ಬೆಂಚಿನ ತುದಿಯಲ್ಲಿ ಕುಳಿತೆ. ಮೊಣಕಾಲಿನವರೆಗೆ ಮೆತ್ತಿದ್ದ ಎರೆ ಒಣಗಿ ಬಿರಿಯತೊಡಗಿತ್ತು. ಕಸ ಗುಡಿಸುವಾಕೆ ಎರಡು ಸಲ ಬಂದು ನೆಲವನ್ನೂ ನನ್ನನ್ನೂ ನೋಡಿ ಹೋದಳು. ಪ್ರತಿ ಸಲ ಆ ಬಾಗಿಲು ತೆರೆದಾಗ ಎದ್ದು ನಿಂತು ಮತ್ತೆ ಕೂರುತ್ತಿದ್ದೆ.

ಭಾಯಿ ಮುಂಡರಗಿ ರಸ್ತೆಯ ಕಡೆ ಸುತ್ತು ಹಾಕಿ ಬೈಕಿನಲ್ಲಿ ಬಂದರು. ಬಂದವರು ಮೊದಲು ಒಳಗೆ ಹೋದರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು ನನ್ನ ಪಕ್ಕದಲ್ಲಿ ಕುಳಿತರು.

"ಮಷಿನ್‌ಗೆ ಹಚ್ಯಾರ. ಇನ್ನ ತಾಸ ತಡಾ ಆಗಿದ್ರ ಕೈಲೆ ಆಗತಿದ್ದಿಲ್ಲ ಅಂದ್ರು ಡಾಕ್ಟ್ರು. ಈಗ ಉಸಿರು ಸರಿ ಐತಿ." ಮುಖ ಒರೆಸಿಕೊಂಡರು. "ನೀವು ಹಳ್ಳಕ್ಕ ಇಳದ್ರಿ ಅಂತ ನಮ್ಮನಿಯಾಕಿ ಹೇಳಿದ್ಲು. ನಿಮ್ಮ ಋಣ ಹೆಂಗ ತೀರ್ಸೋದ್ರಿ, ಅಕ್ಕಾರ."

ಆ ಮಾತು ಬರದಿದ್ದರೆ ನಾನು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಫರಸಿ ಇತ್ತು, ಹರಿದುಹೋಗಿದೆ ಎನ್ನಬಹುದಿತ್ತು, ಅಲ್ಲವೆಂದು ಸಾಧಿಸುವವರು ಯಾರೂ ಇರಲಿಲ್ಲ. ಆದರೆ ಆ ಕೃತಜ್ಞತೆ ನನ್ನ ಮೈಮೇಲೆ ಕೆಂಡ ಸುರಿದಂತಾಯಿತು. ಹೇಳಿದೆ. ಜಾಲಿ ಕಂಟಿ ಕಂಡ ಕೂಡಲೇ ತಿರುಗಿ ಓಡಿದ್ದು, ಬೆಳ್ಳಗಿನ ಪಟ್ಟಿ, ಸ್ವತಃ ದಾಟಿದ್ದೇನೆ ಎಂದು ಬರೆದದ್ದು, ಬೆಳಿಗ್ಗೆ ಫೋನಿನಲ್ಲಿ ಹ್ಞೂಂ ಎಂದದ್ದು. ಅವರ ಕಡೆ ನೋಡದೆ, ನನ್ನ ಕಾಲ ಮೇಲಿನ ಮಣ್ಣನ್ನು ನೋಡುತ್ತ ಹೇಳಿದೆ.

ಭಾಯಿ ಬೈಯಲಿಲ್ಲ. ಬೈದಿದ್ದರೆ ನನ್ನ ಬಾಯಿಗೂ ಒಂದು ದಾರಿ ಸಿಗುತ್ತಿತ್ತು.

"ಫೋನಿನ್ಯಾಗ ಕೇಳಿದಾಗರೆ ಹೇಳಬೇಕಿತ್ತಲ್ರಿ" ಎಂದರು ಕೊನೆಗೆ.

"ಹೆದರಿಕಿ ಆತ್ರಿ."

"ಯಾರ ಹೆದರಿಕಿ?"

"ನಿಮ್ದು."

ಅವರು ನನ್ನನ್ನು ಹೊಸಬಳನ್ನು ನೋಡುವಂತೆ ನೋಡಿದರು. ನಾಲ್ಕು ವರ್ಷ ಒಂದೇ ತಟ್ಟೆಯ ಮಿರ್ಚಿ ತಿಂದವರು ನಾವು. ಆಮೇಲೆ ಜೇಬಿನಿಂದ ಫೋನ್ ತೆಗೆದು ನಕ್ಷೆ ತೆರೆದರು. ಅದರಲ್ಲಿ ನಮ್ಮ ಜಿಲ್ಲೆ, ಗದಗಿನಿಂದ ಶಿರಹಟ್ಟಿಗೆ, ಮುಂಡರಗಿಗೆ, ಲಕ್ಷ್ಮೇಶ್ವರಕ್ಕೆ ಹೋಗುವ ದೊಡ್ಡ ದಾರಿಗಳು, ಅವುಗಳ ನಡುವೆ ಬಲೆಯಂತೆ ನಾವು ಎಳೆದ ಸಣ್ಣ ಗೆರೆಗಳು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನವು. ಅವರು ಬೆರಳಿಂದ ನಿಧಾನವಾಗಿ ಸರಿಸುತ್ತ ನೋಡಿದರು. ಹೊರಗೆ ಮತ್ತೆ ಮಳೆ ಶುರುವಾಗಿತ್ತು, ಜನ ಒದ್ದೆಯಾಗಿ ಒಳಗೆ ಬರುತ್ತಿದ್ದರು.

"ಇಂಥಾವು ಇನ್ನೂ ಎಷ್ಟ ಅದಾವ್ರಿ?" ಎಂದು ಕೇಳಿದರು.

ನೋಡಿ ಹೇಳುತ್ತೇನೆ ಎನ್ನಬಹುದಿತ್ತು. ನೋಡಬೇಕಾಗಿರಲಿಲ್ಲ, ಎಣಿಸಬೇಕಾಗಿಯೂ ಇರಲಿಲ್ಲ. ಒಂದೊಂದೂ ನನಗೆ ಬಾಯಿಪಾಠವಿತ್ತು.

"ಹನ್ನೊಂದು" ಎಂದೆ.